ನೆಟ್‌ಬಾಲ್: ಹೆಣ್ಣುಮಕ್ಕಳ ಆಟವಾಗಿ ಬೆಳೆದ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ. ಆಟವನ್ನೇ ನೋಡದವರು ಮೊದಲಿನಿಂದ ಓದಬಹುದು. ಆಡುವವರು, ಆಡಿಸುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ನೆಟ್‌ಬಾಲ್ ಅಂದ್ರೆ ನಮ್ಮ ಥ್ರೋಬಾಲೇ ತಾನೆ?

ಅಲ್ಲ. ಥ್ರೋಬಾಲ್‌ನಲ್ಲಿ ನಡುವೆ ಬಲೆ ಕಟ್ಟಿರುತ್ತದೆ, ಎರಡು ತಂಡಗಳು ಆಚೆ ಈಚೆ ನಿಂತು ಚೆಂಡು ಎಸೆಯುತ್ತವೆ. ನೆಟ್‌ಬಾಲ್‌ನಲ್ಲಿ ನಡುವೆ ಏನೂ ಇಲ್ಲ. ಅಂಕಣದ ಎರಡು ತುದಿಗಳಲ್ಲಿ ಒಂದೊಂದು ಕಂಬ, ಕಂಬದ ತಲೆಗೊಂದು ಕಬ್ಬಿಣದ ರಿಂಗು, ಅದಕ್ಕೆ ಜೋತುಬಿದ್ದ ಬಲೆ. ತಂಡಕ್ಕೆ ಏಳು ಜನ. ಒಬ್ಬರಿಂದೊಬ್ಬರಿಗೆ ಪಾಸ್ ಮಾಡುತ್ತ ಚೆಂಡನ್ನು ಎದುರಾಳಿಯ ತುದಿಗೆ ಒಯ್ದು ರಿಂಗಿನೊಳಗೆ ಹಾಕಬೇಕು. ನಮ್ಮಲ್ಲಿ ಎರಡೂ ಹೆಚ್ಚಾಗಿ ಹುಡುಗಿಯರ ಶಾಲೆ, ಕಾಲೇಜುಗಳಲ್ಲೇ ಕಾಣುವುದರಿಂದ ಈ ಗೊಂದಲ.

ಬ್ಯಾಸ್ಕೆಟ್‌ಬಾಲ್‌ಗೂ ಇದಕ್ಕೂ ಏನ್ ವ್ಯತ್ಯಾಸ? ಎರಡರಲ್ಲೂ ರಿಂಗಿಗೆ ಚೆಂಡು ಹಾಕೋದೇ ಅಲ್ವಾ?

ರಿಂಗಿನ ಎತ್ತರ ಎರಡರಲ್ಲೂ ಒಂದೇ, 3.05 ಮೀಟರ್. ಅಲ್ಲಿಗೆ ಹೋಲಿಕೆ ಹೆಚ್ಚುಕಡಿಮೆ ಮುಗಿಯಿತು. ನೆಟ್‌ಬಾಲ್ ರಿಂಗಿನ ಒಳವ್ಯಾಸ 38 ಸೆಂ.ಮೀ., ಬ್ಯಾಸ್ಕೆಟ್‌ಬಾಲ್‌ನದು 45 ಸೆಂ.ಮೀ. ನೆಟ್‌ಬಾಲ್ ಕಂಬಕ್ಕೆ ಹಿಂದೆ ಹಲಗೆ ಇಲ್ಲ, ಹಾಗಾಗಿ ಹಲಗೆಗೆ ಬಡಿದು ಒಳಗೆ ಬೀಳುವ ಅದೃಷ್ಟದ ಗೋಲೂ ಇಲ್ಲ. ಡ್ರಿಬ್ಲಿಂಗ್ (ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡುವುದು) ಇಲ್ಲ. ಚೆಂಡು ಹಿಡಿದವಳು ಓಡುವಂತಿಲ್ಲ, ಮೂರು ಸೆಕೆಂಡಿನೊಳಗೆ ಕೈಬಿಡಬೇಕು. ಇಬ್ಬರಿಗೆ ಮಾತ್ರ ಗೋಲು ಹೊಡೆಯುವ ಅಧಿಕಾರ, ಅದೂ ಅರ್ಧವೃತ್ತದ ಒಳಗಿನಿಂದಲೇ. ಎಲ್ಲಿಂದ ಹಾಕಿದರೂ ಗೋಲಿಗೆ ಒಂದೇ ಅಂಕ.

ಎದೆ ಮೇಲೆ ಜಿಎಸ್, ಡಬ್ಲ್ಯುಡಿ ಅಂತೆಲ್ಲ ಹಾಕ್ಕೊಂಡಿರ್ತಾರಲ್ಲ, ಏನದು?

ಆ ಬಿಬ್ ಮೇಲಿನ ಅಕ್ಷರ ಆಟಗಾರ್ತಿಯ ಜಾಗವನ್ನು ಹೇಳುತ್ತದೆ. ಅಂಪೈರ್ ದೂರದಿಂದಲೇ ಅದನ್ನು ನೋಡಿ ಯಾರು ಎಲ್ಲಿರಬಾರದು ಎಂದು ಹಿಡಿಯುತ್ತಾರೆ. ಅಂಕಣವನ್ನು ಅಡ್ಡಲಾಗಿ ಮೂರು ಸಮ ಭಾಗ ಮಾಡಿರುತ್ತಾರೆ, ಎರಡು ತುದಿಗಳಲ್ಲೂ ಗೋಲ್ ಸರ್ಕಲ್ ಎಂಬ ಅರ್ಧವೃತ್ತ ಇರುತ್ತದೆ.

- ಜಿಎಸ್ (ಗೋಲ್ ಶೂಟರ್): ತನ್ನ ತಂಡ ಗೋಲು ಹೊಡೆಯುವ ಭಾಗ, ಸರ್ಕಲ್ ಸೇರಿ.
- ಜಿಎ (ಗೋಲ್ ಅಟ್ಯಾಕ್): ಅದೇ ಭಾಗ, ಸರ್ಕಲ್, ಜೊತೆಗೆ ನಡುಭಾಗ.
- ಡಬ್ಲ್ಯುಎ (ವಿಂಗ್ ಅಟ್ಯಾಕ್): ಜಿಎ ಹೋಗುವಲ್ಲೆಲ್ಲ ಹೋಗಬಹುದು, ಸರ್ಕಲ್ ಬಿಟ್ಟು.
- ಸಿ (ಸೆಂಟರ್): ಎರಡು ಸರ್ಕಲ್ ಬಿಟ್ಟು ಇಡೀ ಅಂಕಣ. ಅತಿ ಹೆಚ್ಚು ಓಡುವವಳು ಇವಳೇ.
- ಡಬ್ಲ್ಯುಡಿ (ವಿಂಗ್ ಡಿಫೆನ್ಸ್): ನಡುಭಾಗ ಮತ್ತು ತನ್ನ ರಕ್ಷಣಾ ಭಾಗ, ಸರ್ಕಲ್ ಬಿಟ್ಟು.
- ಜಿಡಿ (ಗೋಲ್ ಡಿಫೆನ್ಸ್): ಅದೇ ಎರಡು ಭಾಗ, ಸರ್ಕಲ್ ಸೇರಿ.
- ಜಿಕೆ (ಗೋಲ್ ಕೀಪರ್): ರಕ್ಷಣಾ ಭಾಗ ಮತ್ತು ಅಲ್ಲಿನ ಸರ್ಕಲ್ ಮಾತ್ರ.

ತನ್ನದಲ್ಲದ ಭಾಗಕ್ಕೆ ಕಾಲಿಟ್ಟರೆ ಆಫ್‌ಸೈಡ್. ಗೆರೆ ತುಳಿದರೂ ಅಷ್ಟೇ. ಚೆಂಡು ಕೈಯಲ್ಲಿ ಇರಲಿ ಬಿಡಲಿ, ತಪ್ಪು ತಪ್ಪೇ.

ಒಂದು ಪಂದ್ಯ ಎಷ್ಟು ಹೊತ್ತು? ಗೋಲಾದ ಮೇಲೆ ಚೆಂಡು ಯಾರಿಗೆ ಸಿಗುತ್ತೆ?

15 ನಿಮಿಷದ ನಾಲ್ಕು ಕ್ವಾರ್ಟರ್. ಗೋಲು ಯಾರೇ ಹೊಡೆದಿರಲಿ, ಮುಂದಿನ ಸೆಂಟರ್ ಪಾಸ್ (ನಡುವಿನಿಂದ ಆಟ ಮತ್ತೆ ಶುರುಮಾಡುವ ಎಸೆತ) ಸರದಿಯ ಪ್ರಕಾರ ಒಂದು ಸಲ ಇವರಿಗೆ, ಒಂದು ಸಲ ಅವರಿಗೆ. ಸೆಂಟರ್ ಆಡುವವಳು ನಡುವಿನ ಸಣ್ಣ ವೃತ್ತದಲ್ಲಿ ನಿಲ್ಲುತ್ತಾಳೆ. ಸೀಟಿ ಊದುವ ತನಕ ಎದುರಾಳಿ ಸೆಂಟರ್ ಒಬ್ಬಳನ್ನು ಬಿಟ್ಟು ಬೇರೆ ಯಾರೂ ನಡುಭಾಗಕ್ಕೆ ಬರುವಂತಿಲ್ಲ. ಈ ಸರದಿಯ ನಿಯಮ ಮೇಲ್ನೋಟಕ್ಕೆ ಸಣ್ಣದು. ಆದರೆ ಆಟದ ಲೆಕ್ಕಾಚಾರವೆಲ್ಲ ಇದರ ಮೇಲೇ ನಿಂತಿದೆ, ಅದನ್ನು ಕೊನೆಯಲ್ಲಿ ಬಿಡಿಸಿ ಹೇಳಿದೆ.

## ಇತಿಹಾಸ

ಇದನ್ನ ಕಂಡುಹಿಡಿದವರು ಯಾರು?

ಒಬ್ಬರ ಹೆಸರು ಹೇಳಿದರೆ ತಪ್ಪಾಗುತ್ತದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಶುರುಮಾಡಿದರು. ಎರಡೇ ವರ್ಷಕ್ಕೆ, 1893ರಲ್ಲಿ, ಡಾ. ಟೋಲ್ಸ್ ಎಂಬ ಅಮೆರಿಕದ ಅತಿಥಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಮಹಿಳಾ ವ್ಯಾಯಾಮ ಶಿಕ್ಷಣ ಕಾಲೇಜಿನಲ್ಲಿ ಅದನ್ನು ಹೇಳಿಕೊಟ್ಟರು. ಕಾಲೇಜಿನ ಒಡತಿ ಸ್ವೀಡನ್ ಮೂಲದ ಮಾರ್ಟಿನಾ ಬರ್ಗ್‌ಮನ್-ಓಸ್ಟರ್‌ಬರ್ಗ್. ಮೊದಲು ಕೋಣೆಯ ಎರಡು ತುದಿಗಳಲ್ಲಿ ಕಾಗದದ ಕಸ ಹಾಕುವ ಬುಟ್ಟಿಗಳನ್ನು ತೂಗಿಹಾಕಿ ಆಡುತ್ತಿದ್ದರಂತೆ. ಗೆರೆಯಿಲ್ಲ, ಸರಹದ್ದಿಲ್ಲ.

1895ರಲ್ಲಿ ಕಾಲೇಜು ಕೆಂಟ್‌ನ ಡಾರ್ಟ್‌ಫರ್ಡ್‌ಗೆ ಹೋಯಿತು. ಅಲ್ಲಿ ಆಟ ಹುಲ್ಲಿನ ಮೇಲೆ ಬಂತು, 1897ರ ಹೊತ್ತಿಗೆ ಬುಟ್ಟಿಯ ಜಾಗದಲ್ಲಿ ರಿಂಗು ಮತ್ತು ಬಲೆ ಬಂದವು. 1901ರಲ್ಲಿ ವ್ಯಾಯಾಮ ಶಿಕ್ಷಕಿಯರ ಸಂಘವಾದ ಲಿಂಗ್ ಅಸೋಸಿಯೇಷನ್ ಮೊದಲ ನಿಯಮಪುಸ್ತಕವನ್ನು 250 ಪ್ರತಿ ಅಚ್ಚು ಹಾಕಿಸಿತು. ಇಷ್ಟೆಲ್ಲ ಮಾಡಿದವರು ಕಾಲೇಜಿನ ಶಿಕ್ಷಕಿಯರು, ವಿದ್ಯಾರ್ಥಿನಿಯರು. ಅಲ್ಲಿ ಕಲಿತವರು ಶಾಲೆಗಳಿಗೆ ಟೀಚರ್ ಆಗಿ ಹೋದ ಕಡೆಯಲ್ಲೆಲ್ಲ ಆಟವೂ ಹೋಯಿತು.

ಹೆಂಗಸರಿಗೆ ಸುಲಭ ಆಗ್ಲಿ ಅಂತ ಬ್ಯಾಸ್ಕೆಟ್‌ಬಾಲನ್ನ ಸಡಿಲ ಮಾಡಿದ್ದೇ ನೆಟ್‌ಬಾಲ್ ಅಂತಾರೆ, ನಿಜವಾ?

ಅರ್ಧ ನಿಜ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ನೆಲಮುಟ್ಟುವ ಲಂಗ, ಬಿಗಿಯಾದ ಕಾರ್ಸೆಟ್ ಉಟ್ಟು ಆಡಬೇಕಿತ್ತು. ಮೈಗೆ ಮೈ ತಾಗಿಸಿ ನುಗ್ಗುವುದು ಹೆಣ್ಣಿಗೆ ತಕ್ಕದ್ದಲ್ಲ ಎಂಬ ಮಾತೂ ಇತ್ತು. ಅಂಕಣವನ್ನು ಭಾಗ ಮಾಡಿ ಓಟಕ್ಕೆ ಮಿತಿ ಹಾಕಿದ್ದರ ಹಿಂದೆ ಈ ಎರಡೂ ಇವೆ. ಅಮೆರಿಕದಲ್ಲೂ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಇದೇ ಕಾರಣಕ್ಕೆ ಅಂಕಣವನ್ನು ಮೂರು ಭಾಗ ಮಾಡಿ ಹುಡುಗಿಯರಿಗೆ ಆಡಿಸಿದ್ದರು.

ಆದರೆ ಡ್ರಿಬ್ಲಿಂಗ್ ಇಲ್ಲದ್ದು ಹೆಂಗಸರಿಗಾಗಿ ಮಾಡಿದ ರಿಯಾಯಿತಿ ಅಲ್ಲ. ನೈಸ್ಮಿತ್ ಬರೆದ 13 ಮೂಲ ನಿಯಮಗಳಲ್ಲೇ ಚೆಂಡು ಹಿಡಿದವನು ಓಡಬಾರದು, ಹಿಡಿದ ಜಾಗದಿಂದಲೇ ಎಸೆಯಬೇಕು ಎಂದಿದೆ. ಡ್ರಿಬ್ಲಿಂಗ್ ಆಮೇಲೆ ಗಂಡಸರ ಆಟದಲ್ಲಿ ಸೇರಿಕೊಂಡಿತು, ನೆಟ್‌ಬಾಲ್ ಹಳೆಯ ನಿಯಮವನ್ನೇ ಉಳಿಸಿಕೊಂಡಿತು. ಆ ಲೆಕ್ಕದಲ್ಲಿ 1891ರ ಆಟಕ್ಕೆ ಇವತ್ತಿನ ಬ್ಯಾಸ್ಕೆಟ್‌ಬಾಲ್‌ಗಿಂತ ನೆಟ್‌ಬಾಲ್ ಹತ್ತಿರದ ನೆಂಟ. ಕಟ್ಟುಪಾಡೆಂದು ಹಾಕಿದ ಗೆರೆಗಳಿಂದಲೇ ಕರಾರುವಾಕ್ಕಾದ ಪಾಸಿಂಗ್ ಆಟವೊಂದು ಹುಟ್ಟಿಕೊಂಡಿತು ಎನ್ನುವುದು ನಮ್ಮ ಅಭಿಪ್ರಾಯ. ಸಲೀಸು ಎನ್ನುವವರು ಒಂದು ಕ್ವಾರ್ಟರ್ ಸೆಂಟರ್ ಆಡಿ ನೋಡಬೇಕು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಅಮೆರಿಕದಲ್ಲೇ ನೆಟ್‌ಬಾಲ್ ಯಾಕಿಲ್ಲ?

ಅಲ್ಲಿ ಹೆಂಗಸರು ಬ್ಯಾಸ್ಕೆಟ್‌ಬಾಲ್ ಎಂಬ ಹೆಸರನ್ನು ಬಿಡಲಿಲ್ಲ, ತಮ್ಮದೇ ನಿಯಮದಲ್ಲಿ ಆಡಿಕೊಂಡರು. ಆರು ಜನರ ತಂಡ, ಅರ್ಧ ಅಂಕಣಕ್ಕೆ ಸೀಮಿತವಾದ ಆಟ ದಶಕಗಟ್ಟಲೆ ನಡೆಯಿತು. 1971ರಲ್ಲಿ ಐದು ಜನರ ಪೂರ್ಣ ಅಂಕಣದ ನಿಯಮ ಬಂದ ಮೇಲೂ ಅಯೋವಾ ರಾಜ್ಯದ ಹೈಸ್ಕೂಲುಗಳು 1993ರವರೆಗೆ ಹಳೆಯದನ್ನೇ ಆಡಿಸಿದವು. ಹೀಗಾಗಿ ಬೇರೆ ಆಟಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನೆಟ್‌ಬಾಲ್ ಬ್ರಿಟಿಷರು ಆಳಿದ ನಾಡುಗಳ ಶಾಲೆಗಳ ದಾರಿ ಹಿಡಿಯಿತು. ಇವತ್ತಿಗೂ ಅದರ ಭೂಪಟ ನೋಡಿದರೆ ಹೆಚ್ಚುಕಡಿಮೆ ಕಾಮನ್‌ವೆಲ್ತ್ ಭೂಪಟವೇ.

ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಥರ ಆಡ್ತಿದ್ರಂತೆ, ಒಂದೇ ನಿಯಮ ಬಂದಿದ್ದು ಯಾವಾಗ?

1960ರಲ್ಲಿ, ಕೊಲಂಬೊದಲ್ಲಿ. ಅಲ್ಲಿಯವರೆಗೆ ಏಕರೂಪ ಇರಲಿಲ್ಲ. ನ್ಯೂಜಿಲೆಂಡ್‌ಗೆ ಆಟ 1906ರಲ್ಲಿ ರೆವರೆಂಡ್ ಜೆ.ಸಿ. ಜೇಮಿಸನ್ ಮೂಲಕ ಬಂದಿತ್ತು. 1924ರಲ್ಲೇ ಅಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿದರು, ಈ ಆಟಕ್ಕೆ ಜಗತ್ತಿನಲ್ಲೇ ಅದು ಮೊದಲನೆಯದು. ಇಂಗ್ಲೆಂಡ್ 1926ರಲ್ಲಿ, ಆಸ್ಟ್ರೇಲಿಯ 1927ರಲ್ಲಿ ಹಿಂಬಾಲಿಸಿದವು. ಆದರೆ ನ್ಯೂಜಿಲೆಂಡ್‌ನವರು ತಂಡಕ್ಕೆ ಒಂಬತ್ತು ಜನ ಆಡುತ್ತಿದ್ದರು, ಇಂಗ್ಲೆಂಡಿನವರು ಏಳು. ಎದುರುಬದುರಾದಾಗ ಯಾರ ನಿಯಮ ಎಂಬುದೇ ಜಗಳ.

ಕೊಲಂಬೊ ಸಭೆಯಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು, ಏಳು ಜನರ ನಿಯಮ ಗಟ್ಟಿಯಾಯಿತು. ಒಕ್ಕೂಟದ ಹೆಸರಿನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್, ನೆಟ್‌ಬಾಲ್ ಎರಡೂ ಇದ್ದವು. ಏಕೆಂದರೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ 1970ರವರೆಗೂ ಇದೇ ಆಟವನ್ನು ಮಹಿಳಾ ಬ್ಯಾಸ್ಕೆಟ್‌ಬಾಲ್ ಎನ್ನುತ್ತಿದ್ದರು. ಆ ಒಕ್ಕೂಟವೇ ಈಗಿನ ವರ್ಲ್ಡ್ ನೆಟ್‌ಬಾಲ್.

ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯ ಬಿಟ್ರೆ ಬೇರೆ ಯಾರೂ ಗೆಲ್ಲೋದೇ ಇಲ್ವಾ?

1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ 11 ತಂಡಗಳೊಂದಿಗೆ ಶುರುವಾಯಿತು. ನಾಲ್ಕು ವರ್ಷಕ್ಕೊಮ್ಮೆ ನಡೆದು 2023ರವರೆಗೆ 16 ಆಗಿವೆ. ಆಸ್ಟ್ರೇಲಿಯ 12 ಸಲ ಗೆದ್ದಿದೆ. ನ್ಯೂಜಿಲೆಂಡ್ 1967, 1987, 2003 ಮತ್ತು 2019ರಲ್ಲಿ ಗೆದ್ದಿದೆ. ಕೂಡಿದರೆ 16 ಆಯಿತಲ್ಲ, 1979ರದು ಎಲ್ಲಿ ಹೋಯಿತು ಎಂದು ಕೇಳುವವರಿದ್ದಾರೆ: ಆ ವರ್ಷ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಟ್ರಿನಿಡಾಡ್ ಮತ್ತು ಟೊಬ್ಯಾಗೊ ಮೂರೂ ಪ್ರಶಸ್ತಿ ಹಂಚಿಕೊಂಡವು, ಫೈನಲ್ ಎಂಬುದೇ ಆಗ ಇರಲಿಲ್ಲ. ಆಸ್ಟ್ರೇಲಿಯದ 12ರಲ್ಲಿ ಅದೂ ಸೇರಿದೆ, ನ್ಯೂಜಿಲೆಂಡಿನದನ್ನು ಸೇರಿಸಿದರೆ ಐದು.

ಪಟ್ಟಿ ಏಕಪಕ್ಷೀಯ ಅನ್ನಿಸಿದರೂ ಪಂದ್ಯಗಳು ಹಾಗಿರಲಿಲ್ಲ. 1963ರಲ್ಲಿ ಆಸ್ಟ್ರೇಲಿಯ ನ್ಯೂಜಿಲೆಂಡನ್ನು ಸೋಲಿಸಿದ್ದು 37–36ರಿಂದ. 1991ರಲ್ಲಿ 53–52. 2011ರಲ್ಲಿ ಹೆಚ್ಚುವರಿ ಸಮಯಕ್ಕೆ ಹೋಗಿ 58–57. 2019ರಲ್ಲಿ ಲಿವರ್‌ಪೂಲ್‌ನಲ್ಲಿ ನ್ಯೂಜಿಲೆಂಡ್ ತಿರುಗಿಸಿ ಕೊಟ್ಟದ್ದು 52–51. ಅದಕ್ಕೂ ಹಿಂದಿನ ವರ್ಷವೇ ಇದೇ ನ್ಯೂಜಿಲೆಂಡ್ ಗೋಲ್ಡ್‌ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಲಾವಿಗೆ 53–57ರಿಂದ ಸೋತು, ಪದಕವಿಲ್ಲದೆ ಮನೆಗೆ ಹೋಗಿತ್ತು. ಆಮೇಲೆ ಕೋಚ್ ಆಗಿ ಬಂದ ನೊಲೀನ್ ತೌರುವಾ ಒಂದೇ ವರ್ಷದಲ್ಲಿ ತಂಡವನ್ನು ಎತ್ತಿ ನಿಲ್ಲಿಸಿದರು.

ಅದೇ ಗೋಲ್ಡ್‌ಕೋಸ್ಟ್ ಫೈನಲ್‌ನಲ್ಲಿ ಇಂಗ್ಲೆಂಡಿನ ಹೆಲೆನ್ ಹೌಸ್ಬಿ ಕೊನೆಯ ಸೆಕೆಂಡಿನಲ್ಲಿ ಗೋಲು ಹಾಕಿ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 52–51ರಿಂದ ಮಣಿಸಿದರು. ಜಮೈಕಾ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ವರೆಗೆ ಬಂತು. ದಕ್ಷಿಣ ಆಫ್ರಿಕಾ ವರ್ಣಭೇದದ ಬಹಿಷ್ಕಾರ ಮುಗಿಸಿ 1995ರಲ್ಲಿ ಮರಳಿದ ಕೂಡಲೇ ವಿಶ್ವ ಟೂರ್ನಿಯ ಫೈನಲ್ ಆಡಿತು.

## ಜನಪ್ರಿಯತೆ, ದುಡ್ಡು, ನಮ್ಮ ದೇಶ

ಗಂಡಸರು ಯಾಕೆ ಆಡಲ್ಲ? ಆಡಬಾರದು ಅಂತಿದೆಯಾ?

ಆಡಬಾರದೆಂದೇನಿಲ್ಲ, ಆಡುತ್ತಾರೆ ಕೂಡ. ಭಾರತದಲ್ಲಿ ಪುರುಷರ ರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ನ್ಯೂಜಿಲೆಂಡ್‌ನಲ್ಲಿ 2019ರಿಂದ ಅಲ್ಲಿನ ಪುರುಷರ ತಂಡ ರಾಷ್ಟ್ರೀಯ ಮಹಿಳಾ ತಂಡದ ಜೊತೆಗೇ ಸರಣಿ ಆಡಿದ್ದೂ ಇದೆ. ಆದರೆ ವಿಶ್ವಕಪ್, ಕಾಮನ್‌ವೆಲ್ತ್ ಪದಕ ಎರಡೂ ಹೆಂಗಸರವೇ.

ಕ್ರಿಕೆಟ್, ಫುಟ್ಬಾಲ್, ಹಾಕಿಗಳಲ್ಲಿ ಹೆಂಗಸರು ಗಂಡಸರ ಸಂಸ್ಥೆಯೊಳಗೆ ಜಾಗ ಕೇಳಿಕೊಂಡು ಬರಬೇಕಾಯಿತು. ನೆಟ್‌ಬಾಲ್‌ನಲ್ಲಿ ಮೊದಲ ದಿನದಿಂದ ಆಡಿದವರು, ಆಡಿಸಿದವರು, ಅಂಪೈರ್‌ಗಳು, ಸಂಸ್ಥೆಯ ಅಧ್ಯಕ್ಷರು, ಲೆಕ್ಕ ಬರೆಯುವವರು ಬಹುಪಾಲು ಹೆಂಗಸರೇ. ಆಸ್ಟ್ರೇಲಿಯದ ಜಾಯ್ಸ್ ಬ್ರೌನ್ 1963ರಲ್ಲಿ ನಾಯಕಿಯಾಗಿ ಕಪ್ ಗೆದ್ದರು, 1975, 1983, 1991ರಲ್ಲಿ ಕೋಚ್ ಆಗಿ ಗೆದ್ದರು. ಆಟ ಬಿಟ್ಟ ಮೇಲೆ ಆಟದಲ್ಲೇ ಉಳಿಯಲು ದಾರಿ ಇದ್ದದ್ದರಿಂದ ಅನುಭವ ಪೋಲಾಗಲಿಲ್ಲ. ಮಲಾವಿ, ಜಮೈಕಾದಂಥ ಸಣ್ಣ ದೇಶಗಳೂ ಮೇಲೆ ಬಂದದ್ದಕ್ಕೆ ಒಂದು ಕಂಬ, ಒಂದು ಚೆಂಡಿದ್ದರೆ ಶಾಲೆಯಲ್ಲಿ ಆಟ ಶುರುವಾಗುತ್ತದೆ ಎನ್ನುವುದೂ ಕಾರಣ.

ಇಷ್ಟೆಲ್ಲ ದೇಶ ಆಡ್ತಾವೆ ಅಂದ್ರೆ ಒಲಿಂಪಿಕ್ಸ್‌ನಲ್ಲಿ ಯಾಕಿಲ್ಲ?

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1995ರಲ್ಲೇ ಮಾನ್ಯತೆ ಕೊಟ್ಟಿದೆ. ಮಾನ್ಯತೆ ಬೇರೆ, ಕ್ರೀಡಾಕೂಟದೊಳಗೆ ಸೇರುವುದು ಬೇರೆ. 70ಕ್ಕೂ ಹೆಚ್ಚು ದೇಶಗಳಲ್ಲಿ ಆಟವಿದ್ದರೂ ಯುರೋಪಿನ ಮುಖ್ಯಭೂಮಿ, ಚೀನಾ, ಲ್ಯಾಟಿನ್ ಅಮೆರಿಕಗಳಲ್ಲಿ ಬೇರು ಬಿಟ್ಟಿಲ್ಲ. ತಂಡದ ಆಟವೆಂದರೆ ಆಟಗಾರರ ಸಂಖ್ಯೆಯೂ ಹೊರೆ. ಗಂಡಸರ ಅಂತಾರಾಷ್ಟ್ರೀಯ ಸ್ಪರ್ಧೆ ಗಟ್ಟಿಯಾಗಿಲ್ಲ ಎನ್ನುವುದೂ ಈಗ ಅಡ್ಡಿಯೇ, ಯಾಕೆಂದರೆ ಒಲಿಂಪಿಕ್ಸ್‌ಗೆ ಎರಡೂ ಬೇಕು. ಹೆಂಗಸರದ್ದೇ ಆಗಿ ಉಳಿದದ್ದು ಈ ಆಟದ ಬಲ, ಇಲ್ಲಿ ಮಾತ್ರ ಅದೇ ತೊಡಕು. ಸದ್ಯಕ್ಕೆ ಕಾಮನ್‌ವೆಲ್ತ್ ಕ್ರೀಡಾಕೂಟವೇ ಅದರ ದೊಡ್ಡ ವೇದಿಕೆ. 1998ರ ಕ್ವಾಲಾಲಂಪುರದಿಂದ ಪದಕದ ಆಟವಾಗಿದೆ.

ಇದನ್ನೇ ನಂಬ್ಕೊಂಡು ಬದುಕೋಕಾಗುತ್ತಾ? ಸಂಬಳ ಕೊಡ್ತಾರಾ?

ಕೆಲವೇ ಕೆಲವರಿಗೆ. 2017ರಲ್ಲಿ ಶುರುವಾದ ಆಸ್ಟ್ರೇಲಿಯದ ಸೂಪರ್ ನೆಟ್‌ಬಾಲ್ ಜಗತ್ತಿನಲ್ಲೇ ಹೆಚ್ಚು ದುಡ್ಡಿರುವ ಲೀಗ್. ಜಮೈಕಾ, ಇಂಗ್ಲೆಂಡ್, ಮಲಾವಿಯ ಒಳ್ಳೊಳ್ಳೆ ಆಟಗಾರ್ತಿಯರು ಅಲ್ಲಿಗೆ ಹೋಗಿ ಆಡಿದ್ದಾರೆ. ನ್ಯೂಜಿಲೆಂಡ್, ಇಂಗ್ಲೆಂಡ್‌ಗಳಲ್ಲೂ ಲೀಗ್‌ಗಳಿವೆ. ಉಳಿದ ಕಡೆ ಟೀಚರ್, ನರ್ಸ್, ಪೊಲೀಸ್ ಕೆಲಸ ಮಾಡುತ್ತ ಆಡುವವರೇ ಹೆಚ್ಚು.

ಸೂಪರ್ ನೆಟ್‌ಬಾಲ್ ಇರುವ ಆಸ್ಟ್ರೇಲಿಯದಲ್ಲೂ ದುಡ್ಡಿನ ನೆಲ ಗಟ್ಟಿಯಿಲ್ಲ. 2022ರ ಅಕ್ಟೋಬರ್‌ನಲ್ಲಿ ಹ್ಯಾನ್‌ಕಾಕ್ ಪ್ರಾಸ್ಪೆಕ್ಟಿಂಗ್ ಗಣಿ ಕಂಪನಿ 1.5 ಕೋಟಿ ಆಸ್ಟ್ರೇಲಿಯನ್ ಡಾಲರ್ ಪ್ರಾಯೋಜಕತ್ವ ಹಿಂತೆಗೆದುಕೊಂಡಿತು. ಕಂಪನಿಯ ಸ್ಥಾಪಕ ದಶಕಗಳ ಹಿಂದೆ ಮೂಲನಿವಾಸಿಗಳ ಬಗ್ಗೆ ಆಡಿದ್ದ ಮಾತು ಆಟಗಾರ್ತಿಯರಲ್ಲಿ ಕಸಿವಿಸಿ ಹುಟ್ಟಿಸಿತ್ತು. ವಿಕ್ಟೋರಿಯಾ ರಾಜ್ಯದ ಪ್ರವಾಸೋದ್ಯಮ ಸಂಸ್ಥೆ ಆ ಜಾಗಕ್ಕೆ ಬಂತು. 2023ರಲ್ಲಿ ಕಾಲಿಂಗ್‌ವುಡ್ ಕ್ಲಬ್ ತನ್ನ ನೆಟ್‌ಬಾಲ್ ತಂಡವನ್ನು ಮುಚ್ಚಿತು. ಅದೇ ವರ್ಷ ವಿಶ್ವಕಪ್ ಗೆದ್ದು ಬಂದವರೇ ಒಪ್ಪಂದವಿಲ್ಲದೆ ತಿಂಗಳುಗಟ್ಟಲೆ ಸಂಬಳಕ್ಕಾಗಿ ಹಗ್ಗಜಗ್ಗಾಟ ನಡೆಸಬೇಕಾಯಿತು. ಹೆಂಗಸರ ಫುಟ್ಬಾಲ್, ಕ್ರಿಕೆಟ್ ಲೀಗ್‌ಗಳು ಈಗ ಅದೇ ಹುಡುಗಿಯರನ್ನು, ಅದೇ ಪ್ರಾಯೋಜಕರನ್ನು ಕರೆಯುತ್ತಿವೆ. ಮುಂದಿನ ಪೈಪೋಟಿ ಅಲ್ಲೇ.

ಭಾರತದಲ್ಲಿ ಇದನ್ನ ಆಡ್ತಾರಾ? ಕರ್ನಾಟಕದಲ್ಲಿ?

ನೆಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ 1978ರಿಂದ ಇದೆ. ಶಾಲಾ, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಟ ನಡೆಯುತ್ತದೆ. ದೊಡ್ಡ ವೇದಿಕೆ ಸಿಕ್ಕಿದ್ದು 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ, ಆತಿಥೇಯ ದೇಶವಾಗಿ, ಪ್ರಾಚಿ ತೆಹ್ಲಾನ್ ನಾಯಕತ್ವದಲ್ಲಿ. ಅಲ್ಲಿನ ತ್ಯಾಗರಾಜ್ ಕ್ರೀಡಾಂಗಣದ ಫೈನಲ್ ಮಾತ್ರ ಬಲ್ಲವರು ಇವತ್ತಿಗೂ ನೆನೆಸುವಂಥದ್ದು. ಎರಡು ಸುತ್ತು ಹೆಚ್ಚುವರಿ ಸಮಯ ಆಡಿ ನ್ಯೂಜಿಲೆಂಡ್ 66–64ರಿಂದ ಆಸ್ಟ್ರೇಲಿಯವನ್ನು ಸೋಲಿಸಿತು, ಗೆಲುವಿನ ಗೋಲು ಮರಿಯಾ ಟುಟಾಯಾ ಅವರದು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2024ರ ಅಕ್ಟೋಬರ್‌ನಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲೇ ನಡೆಯಿತು. ಸಿಂಗಪುರ ಗೆದ್ದಿತು. ಅದಕ್ಕೆ ಹಿಂದಿನ 2018 ಮತ್ತು 2022ರ ಪ್ರಶಸ್ತಿ ಶ್ರೀಲಂಕಾದ್ದು. ಜಾಫ್ನಾ ಕಡೆಯ ತರ್ಜಿನಿ ಶಿವಲಿಂಗಂ, 2.08 ಮೀಟರ್ ಎತ್ತರದ ಶೂಟರ್, 2019ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಹಾಕಿದವರು. ನಮ್ಮ ಪಕ್ಕದಲ್ಲೇ ಇಂಥ ಆಟಗಾರ್ತಿ ಇದ್ದದ್ದು ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೆ ಸುದ್ದಿಯಾದದ್ದು ಕಡಿಮೆ.

## ಆಡುವವರಿಗೆ, ಆಡಿಸುವವರಿಗೆ

ನಾವು ಮೆಲ್ಬರ್ನ್‌ನಲ್ಲಿದ್ದೀವಿ. ಮಗಳ ಕ್ಲಾಸಿನ ಹುಡುಗೀರೆಲ್ಲ ಶನಿವಾರ ನೆಟ್‌ಬಾಲ್‌ಗೆ ಹೋಗ್ತಾರೆ, ಇವಳನ್ನೂ ಸೇರಿಸಬೇಕು. ಏನೇನು ಬೇಕು?

ಐದರಿಂದ ಹತ್ತು ವರ್ಷದವರಿಗೆ ಅಲ್ಲಿ ನೆಟ್‌ಸೆಟ್‌ಗೋ ಎಂಬ ಕಾರ್ಯಕ್ರಮವಿದೆ. ಚಿಕ್ಕವರಿಗೆ ಕಂಬ 2.4 ಮೀಟರ್‌ಗೆ ಇಳಿಸುತ್ತಾರೆ, ಚೆಂಡು 4ನೇ ಸೈಜು. ಬಿಬ್ ಕ್ಲಬ್‌ನವರದು. ನೀವು ಕೊಡಿಸಬೇಕಾದ್ದು ಮುಖ್ಯವಾಗಿ ಷೂ. ರನ್ನಿಂಗ್ ಷೂ ಬೇಡ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ತಿರುಗುವಾಗ ಕಾಲು ಹೊರಳುತ್ತದೆ. ಕೋರ್ಟ್ ಷೂ ಎಂದು ಕೇಳಿ.

ನಮ್ಮವರ ಮನೆಗಳಲ್ಲಿ ಎಡವಟ್ಟಾಗುವುದು ಒಡವೆಯ ವಿಷಯಕ್ಕೆ. ಮದುವೆ ಉಂಗುರ, ವೈದ್ಯಕೀಯ ಎಚ್ಚರಿಕೆಯ ಕಡಗ ಎರಡನ್ನು ಮಾತ್ರ ಟೇಪ್ ಸುತ್ತಿ ಹಾಕಿಕೊಳ್ಳಬಹುದು. ಓಲೆ, ಮೂಗುತಿ, ಬಳೆ, ಕಾಲ್ಗೆಜ್ಜೆ ಎಲ್ಲ ತೆಗೆಯಬೇಕು. ಹೊಸದಾಗಿ ಕಿವಿ ಚುಚ್ಚಿಸಿದೆ, ತೆಗೆದರೆ ಮುಚ್ಚಿಕೊಳ್ಳುತ್ತದೆ ಎಂದರೂ ಅಂಪೈರ್ ಒಪ್ಪುವುದಿಲ್ಲ. ಆದ್ದರಿಂದ ಕಿವಿ, ಮೂಗು ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಚುಚ್ಚಿಸಿ. ಕೈಗೆ ಕಟ್ಟಿದ ದೇವರ ದಾರದ ಬಗ್ಗೆ ಮೊದಲೇ ಕ್ಲಬ್‌ನವರಲ್ಲಿ ಕೇಳಿಕೊಳ್ಳಿ. ಆಟಕ್ಕೆ ಮುಂಚೆ ಅಂಪೈರ್ ಎಲ್ಲರ ಉಗುರು ನೋಡುತ್ತಾರೆ, ಅಂಗೈ ಕಡೆಯಿಂದ ನೋಡಿದರೆ ಬೆರಳ ತುದಿ ದಾಟಿ ಕಾಣಬಾರದು. ಚೆಂಡಿಗಾಗಿ ಕೈ ಬೀಸುವಾಗ ಮುಖ ಗೀರುವುದು ಈ ಆಟದಲ್ಲಿ ಮಾಮೂಲು. ಇನ್ನೊಂದು, ಸ್ಕೋರ್ ಬರೆಯುವ ಸರದಿ ಅಪ್ಪ ಅಮ್ಮಂದಿರಿಗೂ ಬರುತ್ತದೆ.

ನಮ್ಮ ಶಾಲೆಯಲ್ಲಿ ಅಂಕಣ ಹಾಕಿಸಬೇಕು. ಬ್ಯಾಸ್ಕೆಟ್‌ಬಾಲ್ ಅಂಕಣದ ಮೇಲೇ ಗೆರೆ ಎಳೆದ್ರೆ ಆಗುತ್ತಾ?

ಬ್ಯಾಸ್ಕೆಟ್‌ಬಾಲ್ ಅಂಕಣ 28 × 15 ಮೀಟರ್. ನೆಟ್‌ಬಾಲ್‌ಗೆ 30.5 × 15.25 ಬೇಕು. ಉದ್ದದಲ್ಲಿ ಎರಡೂವರೆ ಮೀಟರ್ ಕಮ್ಮಿ ಬೀಳುತ್ತದೆ. ಅಭ್ಯಾಸಕ್ಕೆ ನಡೆಯುತ್ತದೆ, ಪಂದ್ಯಕ್ಕಲ್ಲ. ಬ್ಯಾಸ್ಕೆಟ್‌ಬಾಲ್ ರಿಂಗು, ಹಲಗೆ ಬಳಸಿದರಂತೂ ಶೂಟರ್‌ಗಳ ಕೈ ಕೆಡುತ್ತದೆ. ಮಣ್ಣಿನ ಮೈದಾನವಿದ್ದರೆ ಹೀಗೆ ಮಾಡಿ:

1. 30.5 ಮೀಟರ್‌ನ ಒಂದು ಪಕ್ಕದ ಗೆರೆಗೆ ಹಗ್ಗ ಬಿಗಿದು ಎರಡೂ ತುದಿಗೆ ಗೂಟ ಹೊಡೆಯಿರಿ. ಅಲ್ಲಿಂದ 15.25 ಮೀಟರ್ ಅಳೆದು ಉಳಿದೆರಡು ಮೂಲೆ ಗುರುತಿಸಿ.
2. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ 34.1 ಮೀಟರ್ ಬರಬೇಕು. ಬರದಿದ್ದರೆ ಅಂಕಣ ಸೊಟ್ಟಗಿದೆ, ಮುಂದಿನ ಗೆರೆಗಳೆಲ್ಲ ಸೊಟ್ಟಗಾಗುತ್ತವೆ.
3. ಉದ್ದವನ್ನು 10.17 ಮೀಟರ್‌ನಂತೆ ಮೂರು ಭಾಗ ಮಾಡಿ ಅಡ್ಡಗೆರೆ ಎಳೆಯಿರಿ.
4. ತುದಿಗೆರೆಯ ನಟ್ಟನಡುವೆ, ಮೂಲೆಯಿಂದ 7.63 ಮೀಟರ್‌ಗೆ, ಗೂಟ ಹೊಡೆದು 4.9 ಮೀಟರ್ ಹಗ್ಗದಲ್ಲಿ ಅರ್ಧವೃತ್ತ ಸುತ್ತಿ. ಅಂಕಣದ ಮಧ್ಯದಲ್ಲಿ 0.9 ಮೀಟರ್ ವ್ಯಾಸದ ವೃತ್ತ.
5. ಗೆರೆಯ ಅಗಲ 5 ಸೆಂ.ಮೀ. ದಾಟಬಾರದು. ಸುಣ್ಣದ ಪುಡಿ ದಪ್ಪ ಬಿದ್ದರೆ ಆಫ್‌ಸೈಡ್ ಜಗಳ ಶುರು.

ಕಂಬ ಅರ್ಧವೃತ್ತಕ್ಕೆ ಹೊಡೆದ ಗೂಟದ ಜಾಗದಲ್ಲೇ ನಿಲ್ಲಬೇಕು. ರಿಂಗು ಕಂಬದಿಂದ 15 ಸೆಂ.ಮೀ. ಮುಂದಕ್ಕೆ ಚಾಚಿರಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವಾಗ ಇದನ್ನು ಮರೆತು ರಿಂಗನ್ನು ಕಂಬಕ್ಕೇ ಅಂಟಿಸಿಬಿಡುತ್ತಾರೆ, ಆಗ ಚೆಂಡು ಕಂಬಕ್ಕೆ ಬಡಿದು ವಾಪಸ್ಸಾಗುತ್ತದೆ. ಭಾರದ ಬುಡವಿರುವ ಕಂಬವಾದರೆ ಬುಡ ಅಂಕಣದೊಳಕ್ಕೆ ಚಾಚಿರಬಾರದು, ಎಡವಿ ಬೀಳುತ್ತಾರೆ. ಚೆಂಡು 5ನೇ ಸೈಜು, 69ರಿಂದ 71 ಸೆಂ.ಮೀ. ಸುತ್ತಳತೆ, 400ರಿಂದ 450 ಗ್ರಾಂ.

ಬ್ಯಾಸ್ಕೆಟ್‌ಬಾಲ್ ಆಡ್ತಿದ್ದ ಹುಡುಗೀರು ಮೊದಲ ದಿನವೇ ಫುಟ್‌ವರ್ಕ್ ಅಂತ ಸೀಟಿ ತಿಂತಾರೆ. ಹೇಗೆ ತಿದ್ದೋದು?

ನಿಯಮ ಇಷ್ಟೇ: ಚೆಂಡು ಹಿಡಿದಾಗ ಮೊದಲು ನೆಲ ಮುಟ್ಟಿದ ಕಾಲು ಲ್ಯಾಂಡಿಂಗ್ ಕಾಲು. ಇನ್ನೊಂದು ಕಾಲನ್ನು ಎತ್ತ ಬೇಕಾದರೂ ಇಡಬಹುದು. ಲ್ಯಾಂಡಿಂಗ್ ಕಾಲನ್ನು ಎತ್ತಲೂಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವ ಮುಂಚೆ ಚೆಂಡು ಕೈಬಿಟ್ಟಿರಬೇಕು. ಎಳೆಯುವಂತಿಲ್ಲ, ಕುಪ್ಪಳಿಸುವಂತಿಲ್ಲ. ಎರಡೂ ಕಾಲು ಒಟ್ಟಿಗೆ ಊರಿದರೆ ಯಾವುದನ್ನಾದರೂ ಲ್ಯಾಂಡಿಂಗ್ ಕಾಲೆಂದು ಆರಿಸಿಕೊಳ್ಳಬಹುದು.

ಬ್ಯಾಸ್ಕೆಟ್‌ಬಾಲ್‌ನವರು ಹಿಡಿದ ಮೇಲೆ ಎರಡು ಹೆಜ್ಜೆ ಹಾಕಿಯೇ ಹಾಕುತ್ತಾರೆ, ಅದು ಮೈಗೆ ಹತ್ತಿದ ಅಭ್ಯಾಸ. ಮೊದಲ ವಾರ ಚೆಂಡಿಲ್ಲದೆ ಮಾಡಿಸಿ: ಓಡಿಬಂದು, ಸೀಟಿ ಊದಿದಾಗ ಎರಡೂ ಕಾಲಲ್ಲಿ ನಿಲ್ಲುವುದು. ಆಮೇಲೆ ಚೆಂಡು ಕೊಡಿ. ಒಂಟಿ ಕಾಲಿನದು ಕೊನೆಗೆ. ಹಿಡಿಯುವ ಮುನ್ನವೇ ಮುಂದೆ ಯಾರಿಗೆ ಕೊಡಬೇಕೆಂದು ಕಣ್ಣು ಹಾಯಿಸದವರೇ ಹೆಚ್ಚು ತಪ್ಪು ಮಾಡುತ್ತಾರೆ, ಏಕೆಂದರೆ ಮೂರು ಸೆಕೆಂಡಿನಲ್ಲಿ ಯೋಚಿಸುತ್ತ ಕಾಲು ತಾನಾಗಿ ಜರುಗುತ್ತದೆ.

ಅಬ್‌ಸ್ಟ್ರಕ್ಷನ್ ಅಂತ ಮೇಲಿಂದ ಮೇಲೆ ಕೊಡ್ತಾರೆ. ಮುಟ್ಟೇ ಇಲ್ಲ, ಆದ್ರೂ ಯಾಕೆ?

ಮುಟ್ಟಿದರೆ ಅದು ಕಾಂಟ್ಯಾಕ್ಟ್. ಅಬ್‌ಸ್ಟ್ರಕ್ಷನ್ ಅಂದರೆ ದೂರದ ತಪ್ಪು. ಚೆಂಡು ಹಿಡಿದವಳ ಲ್ಯಾಂಡಿಂಗ್ ಕಾಲಿನಿಂದ ನಿಮ್ಮ ಹತ್ತಿರದ ಕಾಲಿಗೆ 0.9 ಮೀಟರ್ ಇರಬೇಕು. ಅಷ್ಟು ದೂರದಿಂದ ಕೈ ಚಾಚಬಹುದು, ಹಾರಬಹುದು. ಹಾರಿ ಒಳಗೆ ಇಳಿದು ಅಡ್ಡಿ ಮಾಡಿದಿರೋ, ಸೀಟಿ. ಶಿಕ್ಷೆಯೂ ಕಮ್ಮಿಯಲ್ಲ. ಎದುರಾಳಿ ಪಾಸ್ ಮಾಡುವ ತನಕ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಸರ್ಕಲ್ ಒಳಗಾದರೆ ಶೂಟರ್‌ಗೆ ಅಡ್ಡಿಯಿಲ್ಲದ ಗುರಿ ಸಿಕ್ಕಂತೆ. ಅಭ್ಯಾಸಕ್ಕೆ 90 ಸೆಂ.ಮೀ. ಕೋಲೊಂದನ್ನು ನೆಲದ ಮೇಲಿಟ್ಟು ಅದರಾಚೆ ನಿಂತು ಕೈ ಎತ್ತಿಸಿ. ಕೋಲು ತೆಗೆದ ಮೇಲೂ ಕಣ್ಣಿಗೆ ಅಳತೆ ಉಳಿಯುತ್ತದೆ.

ಮಂಡಿ ಹೋಗೋ ಆಟ ಅಂತಾರೆ. ಮಗಳನ್ನ ಕಳಿಸೋಕೆ ಭಯ.

ಹೆಚ್ಚಾಗಿ ಆಗುವುದು ಕಾಲಿನ ಗಿಣ್ಣು ಉಳುಕುವುದು. ಭಯಪಡಬೇಕಾದ್ದು ಮಂಡಿಯೊಳಗಿನ ಎಸಿಎಲ್ ಎಂಬ ಬಂಧಕ ಹರಿಯುವುದಕ್ಕೆ, ಅದು ಗಿಣ್ಣು ಉಳುಕುವಷ್ಟು ಹೆಚ್ಚಲ್ಲ. ಹರಿದರೆ ಮತ್ತೆ ಅಂಕಣಕ್ಕೆ ಬರಲು ಒಂಬತ್ತು ತಿಂಗಳಿಂದ ವರ್ಷ. ಕಾರಣ ನಿಯಮದಲ್ಲೇ ಇದೆ: ಪೂರ್ತಿ ಓಟದಲ್ಲಿ ಚೆಂಡು ಹಿಡಿದು ತಟ್ಟನೆ ನಿಲ್ಲಬೇಕು. ಮಂಡಿ ನೆಟ್ಟಗಿಟ್ಟು, ಒಳಮುಖ ವಾಲಿಸಿ, ಒಂಟಿ ಕಾಲಲ್ಲಿ ಇಳಿದರೆ ಎಳೆತವೆಲ್ಲ ಅಲ್ಲಿಗೇ. ನೆಟ್‌ಬಾಲ್ ಆಸ್ಟ್ರೇಲಿಯದ 'ನೀ' (KNEE, ಅಂದರೆ ಮಂಡಿ) ಕಾರ್ಯಕ್ರಮ ಇದಕ್ಕಾಗಿಯೇ ಮಾಡಿದ ವಾರ್ಮ್‌ಅಪ್. ಸಾರ ಇಷ್ಟು: ಮಂಡಿ, ಸೊಂಟ ಬಗ್ಗಿಸಿ ಮೆತ್ತಗೆ ಇಳಿಯುವುದು, ಮಂಡಿ ಪಾದದ ಬೆರಳಿನ ನೇರಕ್ಕೆ ಇರುವುದು, ಒಂಟಿ ಕಾಲಿನ ಸಮತೋಲ, ತೊಡೆಯ ಹಿಂಭಾಗಕ್ಕೆ ಬಲ. ಪ್ರತಿ ಅಭ್ಯಾಸಕ್ಕೂ ಮುಂಚೆ, ವಾರಕ್ಕೆ ಎರಡು ಸಲವಾದರೂ ಮಾಡಿಸಬೇಕು. ಸಿಮೆಂಟ್ ನೆಲವಾದರೆ ಇನ್ನೂ ಮುಖ್ಯ.

ಎರಡೂ ಕಡೆ 50–60 ಗೋಲು ಬೀಳುತ್ತೆ. ನೋಡೋರು ಏನನ್ನ ನೋಡ್ಬೇಕು?

ಟೆನಿಸ್‌ನಲ್ಲಿ ಸರ್ವಿಸ್ ಮುರಿಯುವುದಿದೆಯಲ್ಲ, ಲೆಕ್ಕ ಹಾಗೇ. ಸೆಂಟರ್ ಪಾಸ್ ಸರದಿಯಲ್ಲಿ ಬರುವುದರಿಂದ ತನ್ನ ಪಾಸ್‌ನಿಂದ ಗೋಲು ಮಾಡಿದರೆ ಸಮಸಮ. ಎದುರಾಳಿಯ ಪಾಸ್ ಕಸಿದು ಗೋಲು ಮಾಡಿದಾಗಲೇ ಅಂತರ ಹುಟ್ಟುತ್ತದೆ. ಆದ್ದರಿಂದ ಗೋಲು ಎಣಿಸಬೇಡಿ, ಕಸಿದದ್ದನ್ನು ಎಣಿಸಿ.

ಆಮೇಲೆ ಸರ್ಕಲ್ ನೋಡಿ. ಜಮೈಕಾದ 1.98 ಮೀಟರ್ ಎತ್ತರದ ಜನೀಲ್ ಫೌಲರ್ ಅಂಥವರು ಕಂಬದ ಬುಡದಲ್ಲಿ ಎದುರಾಳಿಗೆ ಬೆನ್ನು ಕೊಟ್ಟು ಜಾಗ ಹಿಡಿದು ನಿಲ್ಲುತ್ತಾರೆ, ಚೆಂಡು ಮೇಲಿಂದ ಲಾಬ್ ಆಗಿ ಬರುತ್ತದೆ. ಹಾಗೆ ಬಂದ ಚೆಂಡನ್ನು ತಡೆಯುವುದು ಕಷ್ಟ, ಹಾಗಾಗಿ ಚೆನ್ನಾಗಿ ಆಡಿಸುವ ತಂಡ ಲಾಬ್ ಎಸೆಯುವ ಡಬ್ಲ್ಯುಎ ಮತ್ತು ಸೆಂಟರ್ ಮೇಲೆ ಒತ್ತಡ ಹಾಕುತ್ತದೆ. ಗಿಡ್ಡ ಶೂಟರ್‌ಗಳಿರುವ ತಂಡ ಜಾಗ ಬದಲಿಸುತ್ತ ಓಡಾಡುತ್ತದೆ, ಅಲ್ಲಿ ಶೂಟರನ್ನು ಹತ್ತಿರದಿಂದ ಹಿಂಬಾಲಿಸುವ ಜಿಕೆ ಮುಂದೆ ಬಂದು ಚೆಂಡು ತಟ್ಟುವುದೇ ಆಟ.

ಎರಡು ಅಂಕದ ಗೋಲು, ಐದು ಜನರ ಆಟ ಅಂತೆಲ್ಲ ಬಂದಿದೆಯಲ್ಲ, ನಿಯಮ ಬದಲಾಯ್ತಾ?

ಅಂತಾರಾಷ್ಟ್ರೀಯ ಪಂದ್ಯದಲ್ಲಿ ಇಲ್ಲ. ಸೂಪರ್ ಶಾಟ್ ಎನ್ನುವುದು ಆಸ್ಟ್ರೇಲಿಯದ ಲೀಗ್ 2020ರಲ್ಲಿ ತಂದದ್ದು. ಪ್ರತಿ ಕ್ವಾರ್ಟರ್‌ನ ಕೊನೆಯ ಐದು ನಿಮಿಷದಲ್ಲಿ ಸರ್ಕಲ್‌ನ ಹೊರಅಂಚಿನ 1.9 ಮೀಟರ್ ಪಟ್ಟಿಯಿಂದ ಹಾಕಿದ ಗೋಲಿಗೆ ಎರಡು ಅಂಕ. ಟಿವಿಗೆ ರಂಜನೆ ಇದೆ. ಆದರೆ ಕಂಬದ ಬುಡಕ್ಕೆ ಚೆಂಡು ತಲುಪಿಸುವ ಶ್ರಮದ ಪಾಸಿಂಗ್‌ಗೆ ಬೆಲೆ ಕಮ್ಮಿಯಾಯಿತು ಎಂಬ ತಕರಾರೂ ಇದೆ, ಅದರಲ್ಲಿ ಹುರುಳಿದೆ. ಫಾಸ್ಟ್5 ಬೇರೆಯದೇ ಆಟ: ತಂಡಕ್ಕೆ ಐದು ಜನ, ಆರು ನಿಮಿಷದ ಕ್ವಾರ್ಟರ್, ದೂರಕ್ಕೆ ತಕ್ಕಂತೆ ಒಂದು, ಎರಡು, ಮೂರು ಅಂಕ, ಪವರ್ ಪ್ಲೇಯಲ್ಲಿ (ತಂಡಕ್ಕೆ ಸಿಗುವ ಒಂದು ವಿಶೇಷ ಕ್ವಾರ್ಟರ್) ಅದು ದುಪ್ಪಟ್ಟು. ಶಾಲೆಯಲ್ಲಿ ಹತ್ತೇ ಹುಡುಗಿಯರಿದ್ದರೆ ಶುರುಮಾಡಲು ಅದು ಒಳ್ಳೆಯದು. ಸರ್ಕಲ್ ಹೊರಗಿಂದ ಎಸೆಯುವ ಚಟ ಹತ್ತುವ ಮುಂಚೆ ಏಳು ಜನರ ಆಟಕ್ಕೆ ತನ್ನಿ.